ಬೂಸ್ಟು ಹಿಡಿದ ಶೇಂಗಾ

"ಕುಡಿತಾನ್ರಿ. ಕದ್ದು ಕುಡಿತಾನ. ನನ್ನ ಮುಂದ ಒಪ್ಪಂಗಿಲ್ಲ."

ಕೂಡ್ಲಿಗಿಯ ಡಾಕ್ಟರ್ ಗೀತಾಂಜಲಿಯವ್ರು ಕೇಳಿದ್ದು ನನ್ನ ಗಂಡನ್ನ, ಉತ್ತರ ಕೊಟ್ಟಾಕಿ ನಾನು. ಕಣ್ಣು ಹಳದಿ, ಹೊಟ್ಟಿ ಉಬ್ಬರ, ಮತ್ತೇನಂತ ತಿಳ್ಕೋಬೇಕು? ವರ್ಷದಿಂದ ಕುಡುಕ, ಕುಡುಕ ಅಂತ ಓಣಿಗೆಲ್ಲ ಸಾರೀನಿ. ಕೊಟ್ಟೂರಿಗೆ ಎಳ್ಕೊಂಡು ಹೋಗಿ ದೇವರ ಮುಂದ ಆಣಿ ಮಾಡಿಸಿದ್ದೆ. "ಒಂದು ತೊಟ್ಟು ಮುಟ್ಟಿಲ್ಲ" ಅಂದ. ನಾನೆಲ್ಲಿ ನಂಬ್ತೀನಿ!

ಡಾಕ್ಟರ್ ಸ್ಕ್ಯಾನಿಂಗ್ ನೋಡಿ, "ಮೈಲಪ್ಪ, ಲಿವರಿನ್ಯಾಗ ಗಡ್ಡಿ ಐತಿ. ದೊಡ್ಡ ಆಸ್ಪತ್ರಿಗೆ ಬರದು ಕೊಡ್ತೀನಿ" ಅಂದ್ರು. ಆಮ್ಯಾಲೆ ನನ್ನ ಕಡಿ ತಿರುಗಿ, "ಶೇಂಗಾ ಬೆಳಿತೀರೇನಮ್ಮ? ಮನ್ಯಾಗ ಎಂಥಾವು ತಿಂತೀರಿ?"

"ನಾವು ದಂಡ ಮಾಡೋ ಮಂದಿ ಅಲ್ರಿ" ಅಂದೆ, ಹೆಮ್ಮಿಲೆ. "ಬಿತ್ತನಿಗೆ ಸುಲಿಯೋ ಮುಂದ ನೀರು ಚಿಮುಕಿಸಿ ಕಾಯಿ ಮೆತ್ತಗ ಮಾಡ್ಕೊಂತೀವಿ. ದುಂಡನ ಕಾಳು ಬಿತ್ತನಿಗೆ, ಸಂತಿಗೆ. ಮುದುಡಿದ್ದು, ಕರ್ರಗಾಗಿದ್ದು, ಬೂಸ್ಟು ಹಿಡಿದಿದ್ದು ಮನಿಗೆ. ಒರೆಸಿ ಹುರಿದ್ರ ಆತು."

ಡಾಕ್ಟರ್ ಪೆನ್ನು ಕೆಳಗಿಟ್ರು. "ಆ ಬೂಸ್ಟಿನ್ಯಾಗ ವಿಷ ಇರ್ತತಮ್ಮ. ಹುರಿದ್ರೂ ಪೂರಾ ಹೋಗಂಗಿಲ್ಲ. ಇವರ ರಕ್ತದಾಗ ಕಾಮಾಲಿ ವೈರಸ್ಸೂ ಐತಿ. ಎರಡೂ ಕೂಡಿದ್ರ ಲಿವರಿಗೆ ಭಾಳ ಕೆಟ್ಟದ್ದು. ಅದರಿಂದನ ಆತು ಅಂತ ನಾ ಹೇಳಂಗಿಲ್ಲ. ಆದ್ರ ಕುಡಿದ್ರಷ್ಟ ಹಿಂಗಾಕ್ಕತಿ ಅನ್ಬ್ಯಾಡ್ರಿ. ಮನ್ಯಾಗ ಸಣ್ಣ ಮಕ್ಕಳದಾರೇನು?"

ಅಯ್ಯೋ ಶಿವನ, ಕೀರ್ತನಾ! ಐದು ವರ್ಷದ ಮೊಮ್ಮಗಳು. ದಿನಾ ಸಂಜಿಗೆ ತಾತನ ತೊಡಿಮ್ಯಾಲೆ ಕುಂತು ಅದ ತಾಟಿನ್ಯಾಗ ಶೇಂಗಾ ಬೆಲ್ಲ ತಿಂತಾಳ. ತಾಟು ತುಂಬಿ ಕೊಡಾಕಿ ನಾನ.

"ಕೂಸಿನ್ನೂ ಕರ್ಕೊಂಬರ್ರಿ, ಪರೀಕ್ಷಿ ಮಾಡೂನು" ಅಂದ್ರು ಡಾಕ್ಟರ್.

ಊರಿಗೆ ಹೋಗಾಕ ಕಾನಹೊಸಹಳ್ಳಿ ಬಸ್ಸು ಹತ್ತಿದ್ವಿ. ಬಸ್ಸು ಹೋಗಾಕತ್ತೈತೋ ನಿಂತೈತೋ ಗೊತ್ತಾಗವಲ್ದು.

"ಕೂಸು ಎಷ್ಟು ತಿಂದೈತಿ? ಬಾಯಿ ಬಿಡು ಮಾರಾಯ!"

ಆತ ಕಿಟಕಿ ಕಡಿ ನೋಡ್ಕೊಂತ ಅಂದ: "ಅಂಜಬ್ಯಾಡ. ಕಪ್ಪನವು ಅಕಿಗೆ ಕೊಟ್ಟಿಲ್ಲ. ಬೆಳ್ಳನವು ಆರಿಸಿ, ಚೂರು ಕಡಿದು ನೋಡಿ, ರುಚಿ ಇದ್ರ ಅಕಿಗೆ ಕೊಡ್ತಿದ್ದೆ. ಕಹಿ ಇದ್ದವು ನಾನ ನುಂಗತಿದ್ದೆ."

"ಉಗುಳಾಕ ಏನಾಗಿತ್ತು ನಿನಗ?"

"ಚೆಲ್ಲಿದ್ರ ನೀ ಸುಮ್ನಿರ್ತಿದ್ದೇನು?"

ಸೆರಗು ಬಾಯಿಗೆ ತುರುಕ್ಕೊಂಡು, ಬಸ್ಸಿನ ಮಂದಿ ಎಲ್ಲಾ ನೋಡಂಗ ಅತ್ತೆ.