ಹಾಲವ್ವನ ಹೊಸ್ತಿಲ ಮೇಲಿನ ಗುಳ್ಳವ್ವ

ಗುಳ್ಳವ್ವ ಎಂದರೆ ಚಂದ ಇರಬೇಕು ಎಂದು ನನಗೆ ಬುದ್ಧಿ ಹೇಳಿದವರ ಬಾಯಿಗೆ ಒಂದೊಂದು ಹಿಡಿ ಮಣ್ಣು ಹಾಕಬೇಕೆಂದು ಈಗಲೂ ಅನ್ನಿಸುತ್ತದೆ. ಅವರಲ್ಲಿ ಮುಕ್ಕಾಲು ಪಾಲು ಜನ ಈಗ ತಾವೇ ಮಣ್ಣು ಸೇರಿದ್ದಾರೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ನಾನು ಯಾವ ದೇವರಿಗೂ ಹರಕೆ ಹೊತ್ತಿಲ್ಲ.

ನಮ್ಮ ರಬಕವಿಯಲ್ಲಿ ಆಷಾಢದ ಮಂಗಳವಾರ ಬಂತೆಂದರೆ ಹುಡುಗಿಯರೆಲ್ಲ ಹೊಳೆಯ ಕಡೆಯಿಂದ ಜಿಗಟು ಮಣ್ಣು ತಂದು ಗುಳ್ಳವ್ವನನ್ನು ಮಾಡುತ್ತಿದ್ದೆವು. ಕಣ್ಣಿಗೆ ಗುಲಗಂಜಿ, ಕೊರಳಿಗೆ ಕುಸುಬಿಯ ಬಿಳಿ ಕಾಳು. ಮಣೆಯ ಮೇಲೆ ಕೂರಿಸಿಕೊಂಡು ಹಾಡು ಹೇಳುತ್ತ ಮನೆಮನೆಗೆ ಹೋಗುವುದು. ಮನೆಯ ಹೆಂಗಸು ಹೊಸ್ತಿಲಿಗೆ ಬಂದು, ಗುಳ್ಳವ್ವನ ಮುಖ ನೋಡಿ ಕುಂಕುಮ ಹಚ್ಚಿ, ಜೋಳ ನೀಡಿ, ಬರುವ ವರ್ಷ ಮತ್ತೆ ಬಾರವ್ವ ಎಂದು ಬಾಯಿ ಬಿಟ್ಟು ಹೇಳಬೇಕು. ಗುಳ್ಳವ್ವ ಬಂದಾಗ ಬಾಗಿಲು ಹಾಕಿಕೊಂಡ ಮನೆಗೆ ಏಳಿಗೆ ಇಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಗುಳ್ಳವ್ವನನ್ನು ಮಾಡಿದ ಹುಡುಗಿಯೇ ಅವಳನ್ನು ಇಳಿಸಬೇಕು, ಅವಳೇ ಎತ್ತಬೇಕು. ಬೇರೆಯವರು ಮುಟ್ಟಿದರೆ ಮುಟ್ಟಿದ ಕೈಗೆ ಕೇಡು ಎಂದು ನಮ್ಮ ಓಣಿಯ ಮುದುಕಿಯರು ಕಣ್ಣು ಬಿಟ್ಟು ಹೆದರಿಸುತ್ತಿದ್ದರು.

ಸಂಸ್ಥಾನಿಕರ ಕಾಲ ಮುಗಿದು ಮುಂಬೈ ಸರಕಾರ ಬಂದು ನಾಲ್ಕೈದು ವರ್ಷ ಆಗಿತ್ತು. ನನಗಾಗ ಹದಿಮೂರು. ನನ್ನ ಅಕ್ಕ ಅನ್ನವ್ವನನ್ನು ಬನಹಟ್ಟಿಯ ನೂಲಿನ ವ್ಯಾಪಾರಿ ಅಂದಾನೆಪ್ಪನ ಮಗ ಸಿದರಾಯನಿಗೆ ಕೊಟ್ಟಿದ್ದರು. ಅಪ್ಪ ಮಲಕಾಜಪ್ಪನ ಎರಡು ಮಗ್ಗಗಳಿಗೆ ನೂಲು ಬರುತ್ತಿದ್ದುದು ಆ ಮನೆಯಿಂದಲೇ. ನೇಯ್ದ ಸೀರೆ ಹೋಗುತ್ತಿದ್ದುದೂ ಆ ಮನೆಗೇ. ದೊಡ್ಡ ಮನೆ, ಹಿತ್ತಲಲ್ಲೇ ಬಾವಿ, ಮಗಳು ನೀರಿಗೆ ಹಳ್ಳ ಹೊಳೆ ಅಲೆಯಬೇಕಿಲ್ಲ ಎಂದು ಮದುವೆಯಲ್ಲಿ ಅಪ್ಪ ಹಿಗ್ಗಿದ್ದ.

ಆ ಬಾವಿಯಲ್ಲೇ ಅಕ್ಕ ಸತ್ತಳು. ಕಾರ ಹುಣ್ಣಿಮೆಯ ಹಿಂದೆ ಮುಂದೆ. ನೀರು ಸೇದುವಾಗ ಕಾಲು ಜಾರಿತು ಎಂದು ಅವಳ ಅತ್ತೆ ಹಾಲವ್ವ ಹೇಳಿದಳು. ಹಿರಿಯರು ಕೂತು ಅದನ್ನೇ ಖರೆ ಮಾಡಿದರು. ಎಲೆ ಅಡಿಕೆ ಹಾಕಿಕೊಂಡು ಎದ್ದರು.

ಅಕ್ಕನ ಮೈ ತೊಳೆಯುವಾಗ ಹೆಂಗಸರ ನಡುವೆ ನಾನೂ ಇದ್ದೆ. ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ. ಕೂದಲಲ್ಲಿ ಪಾಚಿ, ಉಬ್ಬಿದ ತುಟಿ, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದೇ ಇತ್ತು. ಎಡ ಮುಂಗೈ ಮೇಲೆ ದುಂಡಗಿನ ಮೂರು ಸುಟ್ಟ ಗುರುತು, ಸಾಲಾಗಿ, ಉಂಗುರ ಒತ್ತಿದ ಹಾಗೆ. ಒಲೆ ಊದುವ ಕೊಳವೆಯ ತುದಿ ಕಾಯಿಸಿ ಇಟ್ಟರೆ ಹಾಗೇ ಏಳುತ್ತದೆ. ಅಲ್ಲಿದ್ದ ಹೆಂಗಸರೆಲ್ಲ ದಿನವೂ ಒಲೆ ಊದುವವರೇ. ಎಲ್ಲರೂ ನೋಡಿದರು. ಒಬ್ಬಳು ಸೆರಗು ಎಳೆದು ಆ ಕೈ ಮುಚ್ಚಿದಳು. ಅಷ್ಟಕ್ಕೇ ಮುಗಿಯಿತು.

ಅವ್ವ ಶಿವಗಂಗವ್ವನೂ ನೋಡಿದಳು. ಆದರೆ ಅವಳು ಅಳಲಿಲ್ಲ. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ, ಅವರ ಗುಣ, ಅವರ ಕಷ್ಟ ಎಲ್ಲ ಆ ಹಾಡಿನಲ್ಲಿ ಹೊರಗೆ ಬೀಳುತ್ತದೆ. ಅಪ್ಪನಿಗೆ ಅದೇ ಹೆದರಿಕೆ. ಹಾಡಿಕೊಂಡು ಅತ್ತರೆ ಬೀಗರ ಮಾನ ಹೋಗುತ್ತದೆ, ನೂಲು ನಿಲ್ಲುತ್ತದೆ, ಬಾಯಿ ಮುಚ್ಚಿಕೊಂಡಿರು ಎಂದಿದ್ದ. ಅವ್ವ ಮುಚ್ಚಿಕೊಂಡಳು. ಒಂಬತ್ತು ತಿಂಗಳು ಹೊತ್ತು ಹೆತ್ತವಳು, ಗಂಡನ ಒಂದು ಮಾತಿಗೆ ಹಲ್ಲು ಕಚ್ಚಿ ಕುಳಿತಳು. ಊಟ ಬಿಟ್ಟಳು. ನೂಲು ಸುತ್ತುವ ರಾಟೆಯ ಮುಂದೆ ಕೂತರೆ ಎಳೆ ಕಡಿದದ್ದೂ ಗೊತ್ತಾಗದೆ ಬರೀ ರಾಟೆ ತಿರುಗಿಸುತ್ತಿದ್ದಳು.

ಹದಿನೈದು ದಿನಕ್ಕೆ ಅಂದಾನೆಪ್ಪ ಹೇಳಿ ಕಳಿಸಿದ. ಆದದ್ದು ಆಗಿ ಹೋಯಿತು, ಬೀಗತನ ಮುರಿಯುವುದು ಬೇಡ, ಅಕ್ಕನ ಜಾಗಕ್ಕೆ ತಂಗಿಯನ್ನು ಕೊಡಿ. ಆಷಾಢದಲ್ಲಿ ಮದುವೆ ಬೇಡ, ಶ್ರಾವಣದಲ್ಲಿ ಅಕ್ಕಿ ಹಾಕೋಣ. ಅಪ್ಪ ತಲೆ ಅಲ್ಲಾಡಿಸಿದ. ಇದು ಹೊಸದೇನೂ ಅಲ್ಲ, ಹೆಣ್ಣು ಸತ್ತ ಮನೆಗೆ ಅವಳ ತಂಗಿಯನ್ನು ಕೊಡುವುದು ನಮ್ಮಲ್ಲಿ ನಡೆದೇ ಇತ್ತು. ಆದರೆ ಗಡಿಗೆ ಒಡೆಯಿತು, ಇನ್ನೊಂದು ಗಡಿಗೆ ತಾ ಎನ್ನುವ ದನಿಯಲ್ಲಿ ಅವರು ಕೇಳಿದ್ದನ್ನೂ ಇವನು ಹೂಂ ಎಂದದ್ದನ್ನೂ ನಾನು ಮರೆಯಲಾರೆ. ಆ ಬಾವಿ, ಆ ಒಲೆ, ಆ ಊದುಗೊಳವೆ ಇನ್ನು ನನ್ನವು.

ಅಂದಿನಿಂದ ಕಣ್ಣು ಮುಚ್ಚಿದರೆ ಅಕ್ಕ ಬರುತ್ತಿದ್ದಳು. ಬಾಗಿಲ ಹಿಂದೆ ನಿಲ್ಲುತ್ತಿದ್ದಳು, ಒಂದೇ ಕಣ್ಣು ತೆರೆದು. ಮಾತಿಲ್ಲ. ಮನೆಯಲ್ಲಿ ಯಾರ ಬಾಯಲ್ಲೂ ಅವಳ ಹೆಸರಿಲ್ಲದ್ದರಿಂದ ಅವಳಿಗೆ ನಿಲ್ಲಲು ಬೇರೆ ಜಾಗವೇ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಆಷಾಢದ ಮೊದಲ ಮಂಗಳವಾರ ಮಣ್ಣು ಕೈಗೆ ತಗೊಂಡೆ. ಚಂದದ ಮುಖ ಮಾಡಲು ಹೋದರೆ ಬೆರಳು ಕೇಳಲಿಲ್ಲ. ತುಟಿ ಉಬ್ಬಿತು. ಹೊಳೆದಂಡೆಯ ಪಾಚಿ ತಂದು ಕೂದಲಿಗೆ ಅಂಟಿಸಿದೆ. ಒಂದು ಕಣ್ಣಿಗೆ ಗುಲಗಂಜಿ ಇಟ್ಟೆ, ಇನ್ನೊಂದನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದೆ. ಅಪ್ಪನ ಮಗ್ಗದಡಿ ಬಿದ್ದಿದ್ದ ಖಾಲಿ ಕಂಡಿಕೆ ತಂದು, ನೂಲು ಸುತ್ತುವ ಆ ಪುಟ್ಟ ಕೊಳವೆಯ ತುದಿಯನ್ನು ಹಸಿ ಮಣ್ಣಿನ ಎಡಗೈ ಮೇಲೆ ಒತ್ತಿದೆ. ಒಂದು, ಎರಡು, ಮೂರು. ಒತ್ತುವಾಗ ಹಲ್ಲು ಕಟಕಟ ಎನ್ನುತ್ತಿತ್ತು. ಹೆದರಿಕೆಗಲ್ಲ, ಸಿಟ್ಟಿಗೆ. ಮುಗಿಸಿ ಕೈ ತೊಳೆದಾಗ ಒಂದು ತಿಂಗಳಿನಿಂದ ಎದೆಯ ಮೇಲಿದ್ದ ಭಾರ ಮಣೆಯ ಮೇಲೆ ಕೂತಿತ್ತು. ಆಮೇಲೆ ಅಕ್ಕ ಬಾಗಿಲ ಹಿಂದೆ ಬರಲಿಲ್ಲ.

ಓಣಿಯ ಹುಡುಗಿಯರು ನೋಡಿ ಚೀರಿ ಓಡಿದರು. ಓಡಿದವರೇ ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಸುತ್ತ ಕೂತರು. ಇಷ್ಟು ದಿನ ನನ್ನ ಜೊತೆ ಅಕ್ಕನ ಮಾತೆತ್ತಲು ಅಂಜಿದವರು, ಅವಳು ಕವಡೆ ಆಟದಲ್ಲಿ ಮೋಸ ಮಾಡುತ್ತಿದ್ದುದನ್ನು ನೆನೆಸಿಕೊಂಡರು. ನಕ್ಕರು, ಅತ್ತರು. ಹುಡುಗಿಯರಿಗೆ ತಿಳಿಯಿತು. ತಿಳಿಯದೆ ಹೋದದ್ದು ದೊಡ್ಡವರಿಗೆ.

ಎದುರು ಮನೆಯವಳು ಇದು ಅಪಶಕುನ, ಓಣಿಗೆ ಬೇನೆ ಬರುತ್ತದೆ ಎಂದು ಗುಲ್ಲು ಎಬ್ಬಿಸಿದಳು. ಅಕ್ಕನ ಕೈಯ ಮೇಲೆ ಸೆರಗು ಎಳೆದವಳು ಅವಳೇ. ಕೃಷ್ಣಾಜಿ ಮಾಸ್ತರರನ್ನೂ ಕರೆತಂದರು. ಪಾಪ, ಮೃದು ಮನುಷ್ಯ. ಮಕ್ಕಳ ಕೈಯಲ್ಲಿ ಸುಂದರವಾದದ್ದು ಹುಟ್ಟಬೇಕು, ಇಂಥದ್ದನ್ನು ಮಾಡಿದರೆ ಮನಸ್ಸು ಕೆಡುತ್ತದೆ, ಒಂದು ಕಮಲ ಮಾಡು ಎಂದರು. ನನ್ನ ಮನಸ್ಸು ಕೆಡಿಸಿದ್ದು ಈ ಮಣ್ಣೇ? ಬಾವಿಯಿಂದ ಎತ್ತಿದಾಗ ಅಕ್ಕ ಕಮಲದ ಹಾಗೆ ಇದ್ದಳೇ? ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಅಪ್ಪ ಮಗ್ಗದಿಂದ ಎದ್ದು ಬಂದು, ಒಡೆದು ಹಾಕು ಅದನ್ನು ಎಂದು ಅವ್ವನಿಗೆ ಹೇಳಿದ. ತಾನು ಮುಟ್ಟಲಿಲ್ಲ, ನೋಡಲೂ ಇಲ್ಲ.

ಅವ್ವ ಒನಕೆ ಹಿಡಿದೇ ಬಂದಳು. ಎತ್ತಿದಳು ಕೂಡ. ಎತ್ತಿದವಳ ಕಣ್ಣು ಆ ಮೂರು ಗುರುತಿನ ಮೇಲೆ ಬಿತ್ತು. ಒನಕೆ ಗೋಡೆಗೆ ಆನಿಸಿ ನೆಲಕ್ಕೆ ಕೂತಳು. ಕಿರುಬೆರಳಿನಿಂದ ಒಂದೊಂದೇ ಗುರುತಿನ ಸುತ್ತ ತಿರುವಿದಳು. ಆಮೇಲೆ ಅವಳ ಹೊಟ್ಟೆಯೊಳಗಿಂದ ದನಿ ಎದ್ದಿತು.

"ನೀರಿಗ್ಯಾಕ ಹೋದಿ ನನ್ನ ಮಗಳ, ಕೈ ಸುಟ್ಟವರ್ಯಾರ ನನ್ನ ಮಗಳ."

ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಅಪ್ಪ ಸುಮ್ಮನಿರು ಎಂದ, ಅವಳು ಇನ್ನೂ ಏರುದನಿಯಲ್ಲಿ ಹಾಡಿದಳು. ಹುಟ್ಟಿದ್ದರಿಂದ ಹಿಡಿದು ಬಾವಿಯವರೆಗೆ ಅಕ್ಕನ ಹದಿನೇಳು ವರ್ಷವನ್ನೂ ಹಾಡಿ ಅತ್ತಳು. ಮಾಸ್ತರರು ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವತ್ತು ಸಂಜೆ ಅವ್ವ ಎರಡು ರೊಟ್ಟಿ ತಿಂದಳು. ಚಂದದ ಗೊಂಬೆ ಮಾಡಿದ್ದರೆ ಅವಳು ಆ ಶ್ರಾವಣ ಕಾಣುತ್ತಿರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಕೊನೆಯ ಮಂಗಳವಾರ ಗುಳ್ಳವ್ವನನ್ನು ಎಲ್ಲ ಮನೆಗೂ ತೋರಿಸಿ ಹೊಳೆಗೆ ಬಿಡುವುದು. ನಾನು ಮಣೆ ಹೊತ್ತು ಮೇಲೊಂದು ಬಟ್ಟೆ ಮುಚ್ಚಿ, ನಮ್ಮ ಓಣಿ ಬಿಟ್ಟು ಬನಹಟ್ಟಿಯ ದಾರಿ ಹಿಡಿದೆ. ಹುಡುಗಿಯರು ಹಾಡುತ್ತ ಹಿಂದೆ ಬಂದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಅವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬರುತ್ತಿದ್ದಳು.

ಹಾಡು ಕೇಳಿ ಹಾಲವ್ವ ಮೊರದಲ್ಲಿ ಜೋಳ, ಕೈಯಲ್ಲಿ ಕುಂಕುಮದ ಭರಣಿ ಹಿಡಿದು ಬಂದಳು. ನನ್ನನ್ನು ಕಂಡು ಮುಖ ಅರಳಿಸಿ, ನೋಡ್ರಿ ನನ್ನ ಸೊಸೆ ಈಗಲೇ ಮನೆ ಹುಡುಕಿಕೊಂಡು ಬಂದಿದ್ದಾಳೆ ಎಂದು ನೆರೆಹೊರೆಯವರಿಗೆ ಕೂಗಿ ಹೇಳಿದಳು. ಕಟ್ಟೆಯ ಮೇಲಿದ್ದವರು, ಬಾಗಿಲಲ್ಲಿದ್ದವರು ಹತ್ತಿರ ಬಂದರು. ನಾನು ಮಣೆಯನ್ನು ಹೊಸ್ತಿಲ ಮೇಲೆ ಇಳಿಸಿ ಬಟ್ಟೆ ತೆಗೆದೆ.

ಕುಂಕುಮದ ಬೆರಳು ನಡುವೆಯೇ ನಿಂತಿತು. ಹಾಲವ್ವ ಮೊದಲು ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಮುಖ ನೋಡಿದಾಗ ಹೇಸಿಕೊಂಡವಳು ಕೈ ನೋಡಿದಾಗ ಬಿಳಿಚಿಕೊಂಡಳು.

"ಏನ ದೆವ್ವ ಹೊತ್ಕೊಂಡ ಬಂದೀಯ ಇದ?" ಎಂದಳು.

"ದೆವ್ವ ಅಲ್ರಿ, ಗುಳ್ಳವ್ವ. ಕುಂಕುಮ ಹಚ್ಚರಿ," ಎಂದೆ.

ನೆರೆಯ ಮುದುಕಿಯೊಬ್ಬಳು, ದೇವರು ಬಾಗಿಲಲ್ಲಿ ನಿಂತಾಗ ತಡ ಮಾಡಬಾರದು ಹಚ್ಚವ್ವ ಎಂದಳು. ಹಾಲವ್ವನ ಕೈ ಮುಂದೆ ಬರಲಿಲ್ಲ. ಮುದುಕಿ ಬಗ್ಗಿ ನೋಡಿ, ಕೈ ಮೇಲಿನ ಈ ಉಂಗುರ ಏನು ಮಗಳೇ ಎಂದು ಕೇಳಿದಳು.

"ಊದುಗೊಳವಿ," ಎಂದೆ.

 ಆ ಓಣಿಯ ಹೆಂಗಸರ ಕಣ್ಣು ಒಂದೊಂದಾಗಿ ಮಣ್ಣಿನ ಕೈಯಿಂದ ಹಾಲವ್ವನ ಮುಖಕ್ಕೆ ಹೋದವು. ಗೋಡೆಯ ಆಚೆಯಿಂದ ಅಕ್ಕನ ಕೂಗು ಕೇಳಿದವರು ಅವರಲ್ಲೇ ಇದ್ದರು. ಹಾಲವ್ವ ಮೊರ ಒಗೆದಳು. ಜೋಳ ಅಂಗಳದ ತುಂಬ ಹರಡಿತು.

"ಸರಿ ಹಿಂದಕ. ನನ್ನ ಹೊಸ್ತಿಲಕ ಮತ್ತ ಬರಬ್ಯಾಡ."

ನಾನು ಹಿಂದಕ್ಕೆ ಸರಿದೆ. ಅವ್ವ ಮುಂದೆ ಬಂದು ನನ್ನ ರಟ್ಟೆ ಹಿಡಿದಳು. ಅವಳು ಕೂಗಲಿಲ್ಲ.

"ಎಲ್ಲಾರೂ ಕೇಳಿದ್ರೆಲ್ಲ? ಗುಳ್ಳವ್ವನ ಮುಂದ ನಿಂತು ಬರಬ್ಯಾಡ ಅಂದಾಳ. ಆತು. ನನ್ನ ಮಗಳು ಈ ಹೊಸ್ತಿಲಾ ತುಳಿಯೂದಿಲ್ಲ."

ಅಷ್ಟು ಹೊತ್ತಿಗೆ ಅಂದಾನೆಪ್ಪ ಧೋತರದ ಚುಂಗು ಹಿಡಿದು ಹೊರಗೆ ಬಂದ. ಮುಖದಲ್ಲಿ ನಗು ತಂದುಕೊಂಡು, ಅವಳು ಹೇಳಿದ್ದು ಮಣ್ಣಿನ ಗೊಂಬೆಗೆ, ಹುಡುಗಿಗಲ್ಲ, ಹೆಂಗಸರ ಮಾತು ದೊಡ್ಡದು ಮಾಡಬೇಡ ತಂಗಿ ಎಂದ.

"ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು, ಅಣ್ಣಾರ," ಎಂದಳು ಅವ್ವ. "ಮಣ್ಣಾದಾಕಿಗೂ ಅದ ಮಾತ, ಉಳದಾಕಿಗೂ ಅದ ಮಾತ."

ಅವನ ನಗು ಹೋಯಿತು. ಹಾಗಾದರೆ ಈ ಪೀಡೆಯನ್ನು ಎತ್ತಿಕೊಂಡು ಹೋಗಿ ಎಂದ. ಅದಕ್ಕೆ ಉತ್ತರ ಕೊಟ್ಟದ್ದು ನೆರೆಯ ಆ ಮುದುಕಿ.

"ಮಾಡಿದಾಕಿನ ಎತ್ತಬೇಕಪಾ. ಆಕಿಗೆ ನಿನ್ನ ಹೇಣ್ತಿ ಬರಬ್ಯಾಡ ಅಂದಾಳಲ್ಲ."

ನಾವು ಬರಿಗೈಯಲ್ಲಿ ರಬಕವಿಗೆ ಬಂದೆವು. ಅಪ್ಪ ಕುಣಿದಾಡಿದ. ಮನೆ ಹಾಳು ಮಾಡಿದಿರಿ, ನಾಳೆಯಿಂದ ಮಗ್ಗ ತಿನ್ನಿರಿ ಎಂದ. ಮರುದಿನ ಬೀಗರ ಕಾಲು ಹಿಡಿಯಲು ತಾನೇ ಬನಹಟ್ಟಿಗೆ ಹೋದ. ಹೋದವನು ಒಳಗೆ ಹೋಗಲು ಹೊಸ್ತಿಲ ಮೇಲಿನ ಗುಳ್ಳವ್ವನನ್ನು ದಾಟಬೇಕಾಯಿತು. ದಾಟಲಾಗಲಿಲ್ಲ. ಮೊದಲ ಸಲ ನಿಂತು ನೋಡಿದನಂತೆ. ತಿರುಗಿ ಬಂದು ಕಂಬಕ್ಕೆ ಒರಗಿ ಕೂತ. ಆ ಗುರುತು ಖರೆಯೇ ಎಂದು ಅವ್ವನನ್ನು ಕೇಳಿದ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದಳು ಅವ್ವ. ಮನೆಯಲ್ಲಿದ್ದ ಅವರ ನೂಲನ್ನೆಲ್ಲ ಅಪ್ಪ ತಾನೇ ಹೊತ್ತು ಅವರ ಅಂಗಳದಲ್ಲಿ ಹಾಕಿ ಬಂದ. ತೇರದಾಳದ ಒಬ್ಬ ವ್ಯಾಪಾರಿ ನೂಲು ಕೊಡುವವರೆಗೆ ಮಗ್ಗ ಸುಮ್ಮನಿದ್ದವು, ನಾವು ನುಚ್ಚು ಕುಡಿದೆವು. ಅಪ್ಪನನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಕೇಳಲು ಅವನಿಗೆ ಮಣ್ಣಿನ ಕೈ ಬೇಕಾಯಿತು, ಮಗಳ ಕೈ ಸಾಲಲಿಲ್ಲ.

ಆ ಮನೆಯಲ್ಲಿ ಗುಳ್ಳವ್ವನನ್ನು ಮುಟ್ಟುವ ಗಂಡೂ ಇರಲಿಲ್ಲ, ಹೆಣ್ಣೂ ಇರಲಿಲ್ಲ. ಆಳುಗಳಿಗೆ ಹೇಳಿದರೆ ಅವರು ಕೈ ಮುಗಿದು ಹಿಂದೆ ಸರಿದರಂತೆ. ಹಾಲವ್ವ ದಿನವೂ ಬೆಳಗಾದರೆ ತನ್ನ ಹೊಸ್ತಿಲಲ್ಲಿ ಕೂತ ಅನ್ನವ್ವನನ್ನು ದಾಟಿಯೇ ಅಂಗಳಕ್ಕೆ ನೀರು ಹಾಕಬೇಕಿತ್ತು. ಹೋಗಲಿ, ಮಳೆ ಬಂದರೆ ತಾನೇ ಕರಗುತ್ತಾಳೆ ಎಂದು ಅವರು ಮುಗಿಲು ನೋಡುತ್ತ ಕೂತರು.

ಆ ವರ್ಷ ಶ್ರಾವಣ ಮುಗಿದರೂ ಬನಹಟ್ಟಿಗೆ ಮಳೆ ಬರಲಿಲ್ಲ.