ಐದು ಪೆಟ್ಟಿಗೆಗಳ ಶ್ರುತಿ

ಸಿಗ್ನಲ್ ಕದಿಯುತ್ತಿರುವವನು ನಾನೇ ಎಂದು ಊರು ತೀರ್ಮಾನಿಸಿ ಎರಡು ವಾರವಾಗಿತ್ತು. ಯಾರೂ ಮುಖಕ್ಕೆ ಹೇಳಲಿಲ್ಲ. ಜೋಳದ ಬಿಯರಿನ ಡಬ್ಬಿ ಕೈಯಿಂದ ಕೈಗೆ ಬರುವಾಗ ಪಕ್ಕದವನು ನನ್ನನ್ನು ದಾಟಿಸಿ ಮುಂದಿನವನಿಗೆ ಕೊಟ್ಟ, ಅಷ್ಟೇ. ಶನಿವಾರ ಮಧ್ಯಾಹ್ನ ಹಿರಿಯ ಫಕಾಮಿಲೆಯ ದನದ ದೊಡ್ಡಿಯ ಬಳಿ ಗಂಡಸರೆಲ್ಲ ಸೇರುವವರಿದ್ದರು. ಗುಡ್ಡದ ಮೇಲಿನ ಬ್ಯಾಟರಿ ಕೋಣೆಯ ಬೀಗದ ಕೈಯನ್ನು ನನ್ನಿಂದ ಕಿತ್ತು ಸೊನ್ವಾಬೊಗೆ ಕೊಡುವುದೆಂದು ಆಗಲೇ ಮಾತಾಗಿತ್ತು. ಸೊನ್ವಾಬೊ ಪಟ್ಟಣದಲ್ಲಿ ಎರಡು ವರ್ಷ ಓದಿ ಬಂದವನು. ನಾನು ಎಂಟನೇ ಕ್ಲಾಸಿಗೆ ಬಿಟ್ಟವನು. ಐದು ಮನೆಗಳ ರೇಡಿಯೋ ಪೆಟ್ಟಿಗೆಗಳನ್ನು ಕಂಬ ಹತ್ತಿ ಕಟ್ಟಿದವನು ಯಾರು ಎಂದು ಈಗ ಯಾರಿಗೂ ನೆನಪಿರಲಿಲ್ಲ.

ಹೊಳೆಯಾಚೆಯ ಆಸ್ಪತ್ರೆ ದೂರ. ನಮ್ಮ ಒಂದು ಪೆಟ್ಟಿಗೆ ಕೂಗಿದರೆ ಅಲ್ಲಿಗೆ ಕೇಳಿಸದು, ನಾಲ್ಕು ಕೂಗಿದರೂ ಕೇಳಿಸದು. ಐದು ಮನೆಗಳ ಐದು ಪೆಟ್ಟಿಗೆಗಳು ಒಂದೇ ಮಾತನ್ನು ಒಂದೇ ಗಳಿಗೆಯಲ್ಲಿ, ಒಂದೇ ಶ್ರುತಿಯಲ್ಲಿ ಕೂಗಿದರೆ ಮಾತ್ರ ಅಲೆಯ ಮೇಲೆ ಅಲೆ ಕೂತು ಆಚೆ ದಡ ಮುಟ್ಟುತ್ತದೆ. ಶ್ರುತಿ ಕೊಡುವುದು ನಾಯಕ ಪೆಟ್ಟಿಗೆ, ಫಕಾಮಿಲೆಯ ಮನೆಯದು. ಉಳಿದ ನಾಲ್ಕು ಅದನ್ನು ಹಿಂಬಾಲಿಸಬೇಕು. ಪೆಟ್ಟಿಗೆಗಳಿಗೆ ಯಜಮಾನರ ಹೆಸರಿಟ್ಟವನು ನಾನೇ. ಹಿರಿಯರು ಆಗ ಬಹಳ ಖುಷಿಪಟ್ಟಿದ್ದರು.

ಕೆಟ್ಟದ್ದು ಸಿಡಿಲು ಬಡಿದ ಮೇಲೆ. ಪೆಟ್ಟಿಗೆಗಳು ನೆನಪೆಲ್ಲ ಕಳೆದುಕೊಂಡವು. ಪ್ರತಿ ಪೆಟ್ಟಿಗೆಯೂ ಆಯಾ ಮನೆಯ ಫೋನಿಗೆ ಮಾತ್ರ ತೆರೆಯುತ್ತದೆ. ಹಾಗಾಗಿ ಯಾರನ್ನು ಹಿಂಬಾಲಿಸಬೇಕೆಂದು ಪೆಟ್ಟಿಗೆಗೆ ತಿಳಿಯಲು, ನಾಯಕನ ಹೆಸರನ್ನು ನಿಮ್ಮ ಫೋನಿನಲ್ಲಿ ನೀವೇ ತುಂಬಿ ಎಂದೆ. ಎಲ್ಲರೂ ತುಂಬಿದೆವು ಎಂದರು. ಅಂದಿನಿಂದ ಸಿಗ್ನಲ್ ಏಳೆಂಟು ಸೆಕೆಂಡಿಗೊಮ್ಮೆ ಏಳುತ್ತದೆ, ಬೀಳುತ್ತದೆ. ಆಚೆಯ ನರ್ಸು "ಮಗೂಗೆ ದಿನಕ್ಕೆ ಮೂರು ಸಲ" ಎನ್ನುತ್ತಾಳೆ. ಏನನ್ನು ಎಂಬುದು ಕೇಳಿಸುವುದೇ ಇಲ್ಲ.

"ಹಸು ಹಾಲು ಕೊಡ್ತಾ ಕೊಡ್ತಾ ನಿಲ್ಲಿಸ್ತು ಅಂದ್ರೆ, ಕರು ಎಲ್ಲೋ ಬಾಯಿ ಹಾಕಿದೆ ಅಂತ ಅರ್ಥ," ಎಂದಿದ್ದ ಸೊನ್ವಾಬೊ ಎಲ್ಲರೆದುರು. ನನ್ನ ಕಡೆ ನೋಡಿರಲಿಲ್ಲ. ನೋಡದೆ ಇದ್ದದ್ದೇ ನನಗೆ ಸಾಕಾಯಿತು.

ಕದ್ದರೆ ಸಿಗ್ನಲ್ ಕಡಿಮೆಯಾಗುತ್ತದೆ, ಹೀಗೆ ಉಸಿರಾಡುವುದಿಲ್ಲ. ಯಾವುದೋ ಪೆಟ್ಟಿಗೆ ತನ್ನದೇ ಶ್ರುತಿ ಹಿಡಿದಿದೆ. ಅದರ ಅಲೆ ಒಮ್ಮೆ ನಾಲ್ಕರ ಜೊತೆ ಏಳುತ್ತದೆ, ಒಮ್ಮೆ ನಾಲ್ಕು ಏಳುವಾಗ ಬೀಳುತ್ತದೆ. ಅದು ಸೊನ್ವಾಬೊನ ಮನೆಯದೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಬೀಗದ ಕೈ ಬೇಕಾದದ್ದು ಅವನಿಗೆ ತಾನೆ?

ಶನಿವಾರ ಬೆಳಿಗ್ಗೆ ಸೋಲಾರ್ ಹಲಗೆ ಒರೆಸುವ ನೆಪದಲ್ಲಿ ಬಟ್ಟೆ ಹಿಡಿದು ಹೊರಟೆ. ಸೊನ್ವಾಬೊ ಮನೆಯಲ್ಲಿರಲಿಲ್ಲ. ಅವನ ತಾಯಿ ಫೋನು ಕೊಟ್ಟು, "ಬೇಗ ನೋಡು, ನೀನು ಬಂದಿದ್ದೆ ಅಂತ ಗೊತ್ತಾದ್ರೆ ನಂಗೆ ಬೈತಾನೆ" ಎಂದಳು. ನಾಯಕ: ಫಕಾಮಿಲೆ. ಸರಿಯಾಗಿತ್ತು. ನಾನು ಬರುವುದು ಗೊತ್ತಾಗಿ ಸರಿಮಾಡಿಟ್ಟಿದ್ದಾನೆ ಎಂದುಕೊಂಡೆ. ಅಂಗಡಿಯವನದು ಸರಿ. ಪಾದ್ರಿಯದೂ ಸರಿ.

ಉಳಿದದ್ದು ನೊಸಖೆಲೆಯ ಮನೆ. ಫಕಾಮಿಲೆಯ ಹಿರಿಯ ಸೊಸೆ. ಗಂಡ ದೂರದ ಗಣಿಯಲ್ಲಿದ್ದಾನೆ. ಅವಳ ಫೋನಿನಲ್ಲಿ ನಾಯಕನ ಜಾಗ ಖಾಲಿ. ಖಾಲಿ ಬಿಟ್ಟ ಪೆಟ್ಟಿಗೆ ತನಗೆ ತಾನೇ ನಾಯಕ.

"ಯಾರು ಅಳಿಸಿದ್ದು ಅತ್ತಿಗೆ? ಸೊನ್ವಾಬೊ ಬಂದಿದ್ನಾ?"

"ನಿಂಗೆ ಹೊಟ್ಟೆನೋವು ಬಂದ್ರೂ ಸೊನ್ವಾಬೊನೇ ಕಾರಣ. ಯಾರೂ ಅಳಿಸಿಲ್ಲ. ಅಲ್ಲಿ ಯಾರ ಹೆಸರು ಬರೀಬೇಕು, ನೀನೇ ಹೇಳು."

"ಫಕಾಮಿ..."

ಅವಳು ತಲೆವಸ್ತ್ರ ಕೆಳಗೆಳೆದು ಗೋಡೆಯ ಕಡೆ ತಿರುಗಿದಳು. ಮಾವನ ಹೆಸರನ್ನು ನಮ್ಮ ಸೊಸೆಯರು ಹೇಳುವುದಿಲ್ಲ. ಆ ಹೆಸರಿನ ಸದ್ದು ಬರುವ ಬೇರೆ ಮಾತುಗಳನ್ನೂ ಬಳಸುವುದಿಲ್ಲ.

"ಬಾಯಲ್ಲಿ ಬರಬಾರದ್ದು ಬೆರಳಲ್ಲಿ ಬರಬೋದಾ?" ಎಂದಳು. "ಮೊದಲ್ನೇ ಸಲ ನೀನೇ ಬರ್ದಿದ್ದೆ. ಈ ಸಲ ನೀವೇ ಬರೀರಿ ಅಂದೆ."

"ಬರೆಯೋಕಾಗಲ್ಲ ಅಂತ ಹೇಳ್ಬೇಕಿತ್ತು."

"ಮಾವ ಬಂದು ತುಂಬಿದ್ಯಾ ಅಂತ ಕೇಳಿದ್ರು. ಹೂಂ ಅಂದ್ಬಿಟ್ಟೆ. ಇದ್ರಿಂದ ಹಿಂಗಾಗತ್ತೆ ಅಂತ ಗೊತ್ತಿರ್ಲಿಲ್ಲ, ಲುದ್ವೆ." ಬೆನ್ನಿಗೆ ಕಟ್ಟಿಕೊಂಡ ಮಗುವನ್ನು ಸರಿಯಾಗಿ ಕೂರಿಸಿಕೊಂಡಳು. "ಹೋಗಿ ಹೇಳು. ಕೆಳಗಿನ ಮನೆ ಸೊಸೆ ಮಾವನ ಹತ್ರ ಸುಳ್ಳು ಹೇಳಿದ್ಲು ಅಂತ ಹೋದ ವರ್ಷ ತವರಿಗೆ ಕಳಿಸಿದ್ರಲ್ಲ. ಮಗು ಮಾತ್ರ ಇಲ್ಲೇ ಉಳೀತು."

ಎರಡು ವಾರದ ಸಿಟ್ಟನ್ನು ಯಾರ ಮೇಲೆ ಉಗುಳುವುದೆಂದು ತಿಳಿಯಲಿಲ್ಲ. ಅವಳ ಮಾವನ ಹೆಸರನ್ನು ನಾನೇ ಒತ್ತಿ ಫೋನು ಅವಳ ಕೈಗೆ ಕೊಡದೆ ಚಾಪೆಯ ಮೇಲಿಟ್ಟೆ. ಗುಡ್ಡದ ಮೇಲೆ ಹೋಗಿ ನೋಡಿದರೆ ಸಿಗ್ನಲ್ ಏಳದೆ ಬೀಳದೆ ಗೂಟ ಹೊಡೆದಂತೆ ನಿಂತಿತ್ತು.

ಮಧ್ಯಾಹ್ನ ಸಭೆಯಲ್ಲಿ ಫಕಾಮಿಲೆ ಕೋಲಿನ ಮೇಲೆ ಗಲ್ಲವೂರಿ ಕೇಳಿದರು: "ಬೆಳಿಗ್ಗೆಯಿಂದ ನೆಟ್ಟಗಾಗಿದೆಯಂತೆ. ಏನಾಗಿತ್ತು?"

"ಒಂದು ಪೆಟ್ಟಿಗೆ ಶ್ರುತಿ ತಪ್ಪಿತ್ತು. ಸರಿಮಾಡ್ದೆ."

"ಯಾರ ಮನೇದು?"

ಹೆಂಗಸರು ಆಚೆ ಗುಡಿಸಲಿನ ಗೋಡೆಗೆ ಒರಗಿ ಕೂತಿದ್ದರು. ನಾನು ಆ ಕಡೆ ತಿರುಗಲಿಲ್ಲ. ನನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಸೊನ್ವಾಬೊ ಕಾಯುತ್ತಿದ್ದ.

"ಹೇಳೋ."

"ಹೇಳಲ್ಲ."

ಅಂಗಡಿಯವನು ಮೂಗಿನಲ್ಲೇ ನಕ್ಕ. "ಎರಡು ವಾರ ಕಳ್ದುಹೋಗಿದ್ದ ಹಸು, ಸಭೆ ಕರ್ದ ದಿನಾನೇ ತಾನಾಗೇ ದೊಡ್ಡಿಗೆ ಬಂತು ನೋಡಿ. ಬುದ್ಧಿವಂತ ಹಸು."

ಎಲ್ಲರೂ ನಕ್ಕರು. ಬೀಗದ ಕೈಯನ್ನು ಕುತ್ತಿಗೆಯ ದಾರದೊಂದಿಗೇ ಕಿತ್ತು ಸಗಣಿಯ ಮೇಲೆ ಎಸೆದೆ. ಯಾರೂ ಬೈಯಲಿಲ್ಲ. ಸಿಕ್ಕಿಬಿದ್ದ ಕಳ್ಳನಿಗೆ ಅಷ್ಟು ಸಿಟ್ಟು ಸಹಜ ಎಂಬಂತೆ ನೋಡಿದರು.

ಸೊನ್ವಾಬೊ ಬೀಗದ ಕೈ ಎತ್ತಿ ಒರೆಸಿಕೊಂಡು ನನ್ನ ಹಿಂದೆಯೇ ಬಂದ. "ನಿಜವಾಗ್ಲೂ ಏನಾಗಿತ್ತು ಲುದ್ವೆ?" ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ನಾನು ನಂಬಲಿಲ್ಲ.

"ನಾಯಕ ಪೆಟ್ಟಿಗೆ ಹೆಸರು ಬದಲಾಯಿಸು. ಮನುಷ್ಯರದ್ದು ಬೇಡ. ಯಾವ್ದಾದ್ರೂ ಗುಡ್ಡದ್ದು ಇಡು."

"ಯಾಕೆ?"

"ಇಡು ಅಂದೆ."

"ಬದಲಾಯಿಸಿದ್ರೆ ನಿಂಗೇನು ಸಿಗತ್ತೆ?" ಎಂದ. ಬೀಗದ ಕೈಯನ್ನು ಜೇಬಿಗಿಳಿಸಿ ಅದರ ಮೇಲೆ ಕೈಯಿಟ್ಟುಕೊಂಡೇ ಗುಡ್ಡ ಹತ್ತಿದ.