ಬೋಣಿ ಕಾರು

ಕೊನೆಯ ಬೊಟ್ಟು ಇಟ್ಟು ಮುಗಿಸುವಷ್ಟರಲ್ಲಿ ಮರಿಯಮ್ಮನ ಉಂಗುರದ ಬೆರಳು ಕೆಂಪಗಾಗಿ ಹೋಗಿತ್ತು. ಗೋಡೆಗೆ ಒರಗಿಸಿಟ್ಟಿದ್ದ ನಾಲ್ಕು ಕಪ್ಪು ಹಲಗೆಗಳು, ಒಂದೊಂದರ ಮೇಲೂ ಸಾಲುಸಾಲಾಗಿ ದುಂಡನೆಯ ಬಿಳಿ ಚುಕ್ಕೆಗಳು. ಅವನ್ನು ಕಂಡ ಕೂಡಲೇ ಇವು ಕುಂಕುಮಕ್ಕೆಂದೇ ಬಿಟ್ಟಿರುವ ಜಾಗ ಎಂದು ಅವಳಿಗೆ ಖಾತ್ರಿಯಾಗಿತ್ತು. ಮೊದಲು ಗಂಧ, ಅದರ ಮೇಲೆ ಕುಂಕುಮ. ಒಂದು ಚುಕ್ಕೆಯನ್ನೂ ಬಿಟ್ಟಿರಲಿಲ್ಲ. ಅರೆಬರೆ ಕೆಲಸ ಮಾಡಿ ಕೈ ತೊಳೆದುಕೊಳ್ಳುವ ಹೆಂಗಸಲ್ಲ ಅವಳು.

"ಹ್ಞೂಂ, ಈಗ ಲಕ್ಷಣವಾಗೈತೆ," ಎಂದು ತನಗೆ ತಾನೇ ಹೇಳಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

ಗುಬ್ಬಿ ಕಡೆಯ ಅವಳ ಊರಿನಲ್ಲಿ ಯಾವ ಯಂತ್ರವೂ ಮರಿಯಮ್ಮನ ಕೈಯಿಂದ ಕುಂಕುಮ ಬೀಳದೆ ಶುರುವಾದದ್ದಿಲ್ಲ. ಬೋರ್‌ವೆಲ್ ಮೋಟಾರು, ಟ್ರ್ಯಾಕ್ಟರು, ಡೈರಿಯ ಹಾಲು ಅಳೆಯುವ ಮಿಷಿನ್ನು, ಎಲ್ಲಕ್ಕೂ ಅವಳೇ ಬೇಕು. ಒಂದು ಸಲ ಅವಳು ಪೂಜೆ ಮಾಡಿದ ಮೋಟಾರು ವಾರದೊಳಗೆ ಸುಟ್ಟು ಹೋದಾಗಲೂ ಜನ ಕರೆಂಟನ್ನು ಬೈದರೇ ಹೊರತು ಮರಿಯಮ್ಮನ ಕೈಗುಣವನ್ನಲ್ಲ. ಅಂಥ ಕೈ ಈಗ ಸ್ವಂತ ಸೊಸೆಯ ಅಂಗಡಿಗೆ ಬಂದಿತ್ತು, ಅದೂ ಸುಲಭಕ್ಕೆ ಬಂದದ್ದಲ್ಲ.

ಸೊಸೆ ಶೃತಿ ತುಮಕೂರಿನ ಒಂದು ಸರ್ವೀಸ್ ಸೆಂಟರಿನಲ್ಲಿ ಕಾರಿನ ಚಕ್ರಗಳನ್ನು ನೇರ ಮಾಡುವ ಕೆಲಸ ಕಲಿತವಳು. ಅದೇ ಊರಿನ ಸತ್ಯಮಂಗಲ ಬಡಾವಣೆಯಲ್ಲಿ ಶೆಡ್ಡು ಹಿಡಿದು ತನ್ನದೇ ವೀಲ್ ಅಲೈನ್‌ಮೆಂಟ್ ಅಂಗಡಿ ಇಡುತ್ತೇನೆ ಎಂದು ಅವಳು ಹೊರಟಾಗ ಮರಿಯಮ್ಮ ನೆಂಟರ ಮದುವೆಯ ಊಟದ ಪಂಕ್ತಿಯಲ್ಲೇ ಬಾಯಿ ಬಿಟ್ಟಿದ್ದಳು. "ಕಾರಿನ ಕೆಳಗೆ ನುಗ್ಗಕ್ಕೆ ನಮ್ಮನೆ ಸೊಸೇನೇ ಆಗ್ಬೇಕಿತ್ತಾ?" ಆ ಮಾತು ಎರಡು ಎಲೆಯಾಚೆ ಕೂತಿದ್ದ ಶೃತಿಯ ಕಿವಿಗೂ ಬಿದ್ದಿತ್ತು. ಆಮೇಲಿಂದ ಅತ್ತೆ ಸೊಸೆಯರ ನಡುವೆ 'ಊಟ ಆಯ್ತಾ', 'ಆಯ್ತು' ಬಿಟ್ಟರೆ ಬೇರೆ ಮಾತಿರಲಿಲ್ಲ. ಮರಿಯಮ್ಮನಿಗೆ ತನ್ನ ಮಾತಿನ ಬಗ್ಗೆ ಪಶ್ಚಾತ್ತಾಪ ಆಗಿತ್ತು. ಆದರೆ ಅತ್ತೆಯಾದವಳು ಅದನ್ನು ಹೇಳುವುದು ಹೇಗೆ? ಹಾಗಿರುವಾಗ ಹೋದ ವಾರ ಶೃತಿಯೇ ಸ್ಕೂಟರಿನಲ್ಲಿ ಊರಿಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಪುರೋಹಿತ್ರಿಗೆ ಹೇಳಿಲ್ಲ ಅತ್ತೆ. ಪೂಜೆ ನಿಮ್ ಕೈಯಿಂದಾನೇ ಆಗ್ಬೇಕು."

"ನೋಡಾನ. ದನದ್ ಕೆಲ್ಸ ಐತೆ," ಎಂದಿದ್ದಳು ಮರಿಯಮ್ಮ, ಮುಖ ತಿರುಗಿಸಿ. ಸ್ಕೂಟರು ಬೀದಿ ದಾಟುತ್ತಲೇ ಒಳಗೋಡಿ ಒಳ್ಳೆಯ ಗಂಧದ ಕೊರಡು ಹುಡುಕತೊಡಗಿದ್ದಳು. ದನಗಳನ್ನು ಗಂಡ ಚೌಡಪ್ಪನ ತಲೆಗೆ ಕಟ್ಟಿ, ಈ ಶುಕ್ರವಾರ ಮೊದಲ ಬಸ್ಸಿಗೇ ತೆಂಗಿನಕಾಯಿಯ ಚೀಲದೊಡನೆ ಬಂದಿಳಿದಿದ್ದಳು. ನಾಲಿಗೆ ಕೆಡಿಸಿದ್ದನ್ನು ಕೈಯಾದರೂ ಸರಿ ಮಾಡಲಿ ಎಂಬುದು ಅವಳ ಲೆಕ್ಕ. ಮಗ ಅಂಜನ್, ಸೊಸೆ ಇಬ್ಬರೂ ಹೂವು ತರಲು ಹೋಗಿದ್ದಾಗ ಒಬ್ಬಳೇ ಕೂತು ಇಷ್ಟೂ ಬೊಟ್ಟು ಇಟ್ಟಿದ್ದಳು.

ಅವರು ಬಂದು ಮಂಗಳಾರತಿ ಮುಗಿದು, ಕಾಯಿ ಎರಡು ಸಮ ಹೋಳಾಗಿ ಒಡೆದು, ಮರಿಯಮ್ಮ ಅದನ್ನು ಎಲ್ಲರಿಗೂ ತೋರಿಸುತ್ತಿದ್ದ ಹಾಗೆಯೇ ಬಿಳಿಯ ಕಾರೊಂದು ಅಂಗಳಕ್ಕೆ ಬಂತು. ಇಳಿದವರು ಮರಳೂರಿನ ಅನಂತಕೃಷ್ಣ, ಕಾಲೇಜಿನಲ್ಲಿ ಗಣಿತ ಹೇಳುವವರು.

"ಏನಮ್ಮಾ, ಅಂಗಡಿ ಶುರುವಾಯಿತೋ ಅಥವಾ ಇವತ್ತು ಬರೀ ಪೂಜೆಯೋ? ಕುಣಿಗಲ್ ರಸ್ತೇಲಿ ಒಂದು ಹಳ್ಳಕ್ಕೆ ಇಳಿಸಿಬಿಟ್ಟೆ. ಆವತ್ತಿಂದ ಸ್ಟೇರಿಂಗ್ ನೆಟ್ಟಗಿಟ್ಟರೆ ಕಾರು ಬಲಕ್ಕೆ ಹೋಗುತ್ತೆ, ಕಾರು ನೆಟ್ಟಗೆ ಹೋದರೆ ಸ್ಟೇರಿಂಗ್ ಸೊಟ್ಟ ಇರುತ್ತೆ. ಮಧ್ಯಾಹ್ನ ಕುಣಿಗಲ್ಲಿಂದ ನಮ್ಮ ಅತ್ತೇನ ಕರ್ಕೊಂಡು ಬರಬೇಕು. ಅವರ ಮುಂದೆ ಕಾರು ಸೊಟ್ಟ ಹೋದರೆ ಅಳಿಯನೇ ಸೊಟ್ಟ ಅಂದುಬಿಡ್ತಾರೆ!"

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂದಂಗಾಗೈತೆ ನಿಮ್ ಚಕ್ರ," ಎಂದಳು ಮರಿಯಮ್ಮ, ಯಾರೂ ಕೇಳದಿದ್ದರೂ. "ಕೂತ್ಕಳಿ ಸಾಮಿ. ನಮ್ ಸೊಸೆ ಮಾಡ್ಕೊಡ್ತಾಳೆ. ನೀವೇ ಬೋಣಿ."

'ನಮ್ಮ ಸೊಸೆ' ಎಂದದ್ದು ಕೇಳಿ ಶೃತಿಯ ಮುಖ ಅರಳಿತು. ಮೊದಲ ಗಿರಾಕಿ ನಗುತ್ತಾ ಬಂದರೆ ಅಂಗಡಿಯ ಕಾಲವೆಲ್ಲ ನಗುತ್ತಾ ಹೋಗುತ್ತದೆ ಎಂದು ಮರಿಯಮ್ಮ ಬಲ್ಲಳು. ಬೋಣಿ ಗಿರಾಕಿ ಕೆಲಸವಾಗದೆ ಹಿಂತಿರುಗಿದರೆ ಏನಾಗುತ್ತದೆ ಎಂಬುದನ್ನೂ ಬಲ್ಲಳು. ಅದನ್ನು ಬಾಯಿಬಿಟ್ಟು ಹೇಳಬಾರದು.

ಅಂಜನ್ ಕಾರನ್ನು ರ‍್ಯಾಂಪಿನ ಮೇಲೆ ಹತ್ತಿಸಿದ. ಶೃತಿ ಟೈರುಗಳ ಗಾಳಿ ಸರಿಮಾಡಿ, ಚಕ್ರಗಳಿಗೆ ಸಿಕ್ಕಿಸುವ ಹಲಗೆಗಳನ್ನು ತರಲು ಗೋಡೆಯ ಕಡೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಅತ್ತೆ... ಇಷ್ಟೂ ನೀವೇ ಇಟ್ರಾ?"

"ಮತ್ತಿನ್ಯಾರು ಇಡ್ತಾರೆ? ಒಂದ್ನೂ ಬುಟ್ಟಿಲ್ಲ. ಬೇಕಾದ್ರೆ ನೋಡ್ಕೋ."

ಶೃತಿ ಹಲಗೆಗಳನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. "ತುಂಬಾ ಚೆನ್ನಾಗಿದೆ ಅತ್ತೆ," ಎಂದಳು ಮೆಲ್ಲಗೆ. ಪಾಪ, ಹುಡುಗಿಗೆ ಸಂತೋಷದಿಂದ ಮಾತೇ ಹೊರಡುತ್ತಿಲ್ಲ ಎಂದುಕೊಂಡು ಮರಿಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೀಗುತ್ತಾ ಕೂತಳು.

ನಾಲ್ಕು ಹಲಗೆಗಳೂ ನಾಲ್ಕು ಚಕ್ರಗಳಿಗೆ ಕುಂಕುಮ ಸಮೇತ ಏರಿದವು. ಎದುರಿನ ಕಂಬದ ಮೇಲಿದ್ದ ಎರಡು ಕ್ಯಾಮೆರಾಗಳು ಅವನ್ನು ನೋಡಬೇಕು, ನೋಡಿದ್ದನ್ನು ಪಕ್ಕದ ಪರದೆಯ ಮೇಲೆ ತೋರಿಸಬೇಕು. ಪರದೆಯಲ್ಲಿ ಕಾರಿನ ಚಿತ್ರವೇನೋ ಬಂತು. ಆದರೆ ಚಕ್ರ ಇರಬೇಕಾದ ನಾಲ್ಕು ಕಡೆಯೂ ಕೆಂಪು ಅಡ್ಡಗೆರೆ. ಶೃತಿ ಕೀಲಿಮಣೆ ಒತ್ತಿದಳು, ಮಿಷಿನ್ ಆರಿಸಿ ಮತ್ತೆ ಹಚ್ಚಿದಳು. ಅಡ್ಡಗೆರೆ ಅಲ್ಲಾಡಲಿಲ್ಲ.

"ಹೊಸ ಮಿಷಿನ್ ಅಲ್ವಾ ಸಾರ್, ಸ್ವಲ್ಪ ಬಿಸಿ ಆಗ್ಬೇಕು," ಎಂದಳು ಅನಂತಕೃಷ್ಣರ ಕಡೆ ನೋಡದೆ. ಅವರಿಗೆ ಟೀ ಬಂತು. ಟೀ ಮುಗಿಯಿತು. ಪ್ರಸಾದವೆಂದು ರಸಾಯನ ಬಂತು, ಅದೂ ಮುಗಿಯಿತು. ಅವರು ಗಡಿಯಾರ ನೋಡಿಕೊಂಡರು.

ಅದನ್ನು ಕಂಡು ಮರಿಯಮ್ಮನಿಗೆ ದಿಗಿಲಾಯಿತು. ಊರವರ ಮೋಟಾರು ಸುಟ್ಟರೆ ಕರೆಂಟಿನ ತಪ್ಪು ಅನ್ನಬಹುದು. ಇಲ್ಲಿ, ಇವತ್ತೇ, ಇವಳ ಬೋಣಿಗೇ ಹೀಗಾದರೆ ಯಾರ ತಪ್ಪು ಅನ್ನುವುದು? ಮನಸ್ಸಿಟ್ಟು ಹರಸಲಿಲ್ಲ ಅತ್ತೆ, ಅದಕ್ಕೇ ಹೀಗಾಯಿತು ಎಂದು ಸೊಸೆ ಅಂದುಕೊಂಡರೆ? ಕೂತಲ್ಲಿ ಕೂರಲಾರದೆ ಕೈ ತೊಳೆಯುವ ನೆಪ ಮಾಡಿಕೊಂಡು ಹಿಂಬದಿಯ ನಲ್ಲಿಗೆ ಹೋದಳು. ಹಳೆ ಟೈರುಗಳ ರಾಶಿಯ ಆಚೆ ಶೃತಿಯ ಫೋನಿನಿಂದ ಮಿಷಿನ್ ಕಂಪನಿಯವನ ದನಿ ಜೋರಾಗಿ ಕೇಳುತ್ತಿತ್ತು.

"ಹಲಗೆ ಮೇಲೆ ಧೂಳು ಗೀಳು ಕೂತಿದ್ಯಾ ನೋಡಿ ಮೇಡಂ. ಕ್ಯಾಮ್ರಾಗೆ ಆ ಬಿಳಿ ಚುಕ್ಕೆ ಕಾಣ್ಬೇಕು. ಅದು ಕಾಣ್ಲಿಲ್ಲ ಅಂದ್ರೆ ಚಕ್ರ ಎಲ್ಲಿದೆ ಅಂತಾನೇ ಮಿಷಿನ್‌ಗೆ ಗೊತ್ತಾಗಲ್ಲ. ಮೆತ್ತನೆ ಒದ್ದೆ ಬಟ್ಟೇಲಿ ಒರೆಸಿಬಿಡಿ."

"ಗೊತ್ತು ಸಾರ್. ಧೂಳಲ್ಲ. ಒರೆಸ್ದೆ ಬೇರೆ ದಾರಿ ಇದ್ಯಾ ಅಂತ ಕೇಳ್ದೆ ಅಷ್ಟೇ," ಎಂದು ಶೃತಿ ಫೋನು ಇಟ್ಟಳು.

"ಒರೆಸಿಬಿಡೇ," ಎಂದದ್ದು ಅಂಜನ್. "ಎರಡು ನಿಮಿಷದ ಕೆಲಸ."

"ಅತ್ತೆ ಎದುರಿಗೆ, ಶುಕ್ರವಾರ, ಅವರಿಟ್ಟಿರೋ ಕುಂಕುಮ ಬಟ್ಟೆ ತಗೊಂಡು ಒರೆಸ್ಲಾ? ನನ್ ಕೈಲಾಗಲ್ಲ. ಸಂಜೆ ಅವರು ಬಸ್ ಹತ್ತಿದ್ಮೇಲೆ ಒರೆಸ್ತೀನಿ. ಸಾರ್‌ಗೆ ನಾಳೆ ಬನ್ನಿ ಅಂತ ಹೇಳ್ತೀನಿ."

"ಬೋಣಿ ಗಿರಾಕೀನ ವಾಪಸ್ ಕಳಿಸ್ತೀಯಾ?"

"ಹೋದ್ರೆ ಹೋಗ್ಲಿ ಬಿಡಿ. ಗಿರಾಕಿ ಇನ್ನೊಬ್ರು ಬರ್ತಾರೆ. ಅತ್ತೆ ಇನ್ನೊಂದ್ ಸಲ ಬರ್ತಾರಾ?"

ನಲ್ಲಿಯ ನೀರು ಮರಿಯಮ್ಮನ ಕೈಮೇಲೆ ಸುಮ್ಮನೆ ಸುರಿಯುತ್ತಿತ್ತು. ಮೊದಲು ನಾಚಿಕೆಯಾಯಿತು. ಪ್ರೀತಿಯಿಂದ ಕೂತು, ಒಂದನ್ನೂ ಬಿಡದೆ, ಮಿಷಿನ್ನಿನ ಕಣ್ಣಿಗೇ ಕುಂಕುಮ ಮೆತ್ತಿದ್ದೆನಲ್ಲ! ಆಮೇಲೆ ಅಳು ಬಂದಂತಾಯಿತು. ಪಂಕ್ತಿಯಲ್ಲಿ ಅಷ್ಟು ಜನರ ಮುಂದೆ ಮಾತು ಅನ್ನಿಸಿಕೊಂಡ ಹುಡುಗಿ ತನ್ನ ಬೋಣಿಯನ್ನೇ ಬಿಟ್ಟುಕೊಡಲು ಹೊರಟಿದ್ದಾಳೆ, ಈ ಒರಟು ಅತ್ತೆಯ ಕುಂಕುಮಕ್ಕಾಗಿ. ಬೋಣಿಯನ್ನು ಹಿಂದೆ ಕಳಿಸಬಾರದು, ಇಟ್ಟ ಕುಂಕುಮ ಅಳಿಸಬಾರದು. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ. ಹೀಗೆ ಯೋಚಿಸುತ್ತಾ ನಿಂತವಳಿಗೆ ದಿನಾ ಬೆಳಗ್ಗೆ ತಾನು ಮಾಡುವ ಕೆಲಸವೇ ನೆನಪಾಗಿ ನಗು ಬಂದುಬಿಟ್ಟಿತು. ಅಳು ಅಲ್ಲೇ ನಿಂತಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಚೊಂಬು ನೀರು ಹಿಡಿದು ಅವಳು ಟೈರಿನ ರಾಶಿ ಸುತ್ತಿ ಬಂದಾಗ ಗಂಡ ಹೆಂಡತಿ ಇಬ್ಬರೂ ಬೆಚ್ಚಿದರು.

"ಏನ್ಲಾ ಅಂಜ, ದೇವ್ರಿಗೆ ನೆನ್ನೆ ಇಟ್ಟಿದ್ ಕುಂಕುಮಾನ ನಾನು ದಿನಾ ಬೆಳಿಗ್ಗೆ ಏನ್ ಮಾಡ್ತೀನಿ?"

"ಏನ್ ಮಾಡ್ತೀಯಾ... ತೊಳೀತೀಯ."

"ತೊಳೆದ್ರೆ ದೇವ್ರು ಮುನಿಸ್ಕೊಳ್ಳುತ್ತಾ? ಅದಕ್ಕೆ ಅಭಿಷೇಕ ಅಂತಾರೆ ಕಣ್ಲಾ. ಇವಕ್ಕೂ ಈಗ ಅಭಿಷೇಕದ ಹೊತ್ತು." ಸೊಸೆಯ ಕಡೆ ತಿರುಗಿ, "ನೀನೊಂದು ಪೆದ್ದು ಕಣೇ! ಅತ್ತೆ, ನಿಮ್ ಕುಂಕುಮ ಮಿಷಿನ್ ಕಣ್ಣಿಗೆ ಬಿದ್ದೈತೆ ಅಂತ ಒಂದ್ ಮಾತು ಹೇಳಕ್ಕೇನು? ಯಾರ್ ಕಣ್ಣಿಗೆ ಕುಂಕುಮ ಬಿದ್ರೂ ಏನ್ ಕಾಣುತ್ತೆ?"

ಶೃತಿ ಅತ್ತೆಯ ಕೈಯ ಚೊಂಬಿಗೆ ಕೈ ಚಾಚಿದಳು. "ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರಂತೆ ಬೇಜಾರು. ನಡಿ, ಸಾಮಿಗೋಳು ಕಾಯ್ತಾವ್ರೆ."

ಚೀಲದಲ್ಲಿ ಕುಂಕುಮದ ಬಟ್ಟಲಿಗೆ ಸುತ್ತಿ ತಂದಿದ್ದ ಚೌಡಪ್ಪನ ಹಳೆಯ ಮೆತ್ತನೆ ಪಂಚೆಯ ತುಂಡನ್ನು ನೀರಿಗದ್ದಿ, ಮೊದಲ ಬೊಟ್ಟನ್ನು ಮರಿಯಮ್ಮನೇ ಒರೆಸಿದಳು. ಉಳಿದವನ್ನು ಅತ್ತೆ ಸೊಸೆ ಎದುರುಬದುರು ಕುಕ್ಕರಗಾಲಲ್ಲಿ ಕೂತು ಒರೆಸಿದರು. ಗಂಧ ಒಣಗಿ ಹಿಡಿದುಕೊಂಡಿದ್ದರಿಂದ ಅದೇನೂ ಎರಡು ನಿಮಿಷದ ಕೆಲಸವಾಗಲಿಲ್ಲ. ನಡುವೆ ಯಾರಿಗೋ ನಗು ಬಂತು, ಇನ್ನೊಬ್ಬರಿಗೆ ಅಂಟಿತು. ಅನಂತಕೃಷ್ಣರು ಕುರ್ಚಿಯಿಂದ ಎದ್ದು ಬಂದು, "ಏನಾಯಿತು?" ಎಂದು ಕೇಳಿದರು. ವಿಷಯ ಗೊತ್ತಾದಾಗ ಹೊಟ್ಟೆ ಹಿಡಿದುಕೊಂಡು ನಕ್ಕು, "ಈ ಕಥೆ ಇದ್ದರೆ ಸಾಕು, ಕುಣಿಗಲ್‌ನಿಂದ ತುಮಕೂರಿನವರೆಗೂ ನಮ್ಮತ್ತೆ ನನ್ನನ್ನ ಬೈಯಲ್ಲ," ಎಂದರು.

ಪರದೆಯಲ್ಲಿ ಒಂದು ಚಕ್ರ ಮೂಡಿತು, ಇನ್ನೊಂದು ಮೂಡಿತು, ಮತ್ತೊಂದು. ಹಿಂದಿನ ಎಡಚಕ್ರ ಮಾತ್ರ ಸತಾಯಿಸಿತು. ಮರಿಯಮ್ಮ ಬಗ್ಗಿ ಮೂಲೆಯ ಚುಕ್ಕೆಯಲ್ಲಿ ಉಳಿದಿದ್ದ ಗಂಧದ ಚೂರನ್ನು ಉಗುರಿಗೆ ಬಟ್ಟೆ ಸುತ್ತಿ ತೆಗೆದಳು. ಅದೂ ಮೂಡಿತು. ಅಂಜನ್ ಚಪ್ಪಾಳೆ ತಟ್ಟಿದ.

ಮರಿಯಮ್ಮ ಬಟ್ಟಲಲ್ಲಿ ಮಿಕ್ಕಿದ್ದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ಶೃತಿಯ ಹಣೆಗೆ ಒತ್ತಿದಳು. "ಇದು ಯಾವ ಕ್ಯಾಮ್ರಾಗೂ ಅಡ್ಡ ಬರಲ್ಲ ತಾನೇ?"

"ಇಲ್ಲ ಅತ್ತೆ," ಎಂದಳು ಶೃತಿ. ಅವಳ ಕಣ್ಣು ತುಂಬಿತ್ತು.

ಅಂಜನ್, ಅನಂತಕೃಷ್ಣ ಇಬ್ಬರೂ ಸೇರಿ ಕಾರನ್ನು ಗೇಣುದ್ದ ಹಿಂದಕ್ಕೆ ತಳ್ಳಿ ಮತ್ತೆ ಮುಂದಕ್ಕೆ ತಂದರು. ಮಿಷಿನ್ ಅಳತೆ ಹಿಡಿಯುವುದೇ ಹಾಗೆ. ಮುಂದಿನ ಎಡಚಕ್ರದ ಅಂಕಿ ಕೆಂಪಗೆ ಬಂತು. ಕಾಲು ಒಳಮುಖ ಹಾಕಿ ನಡೆಯುವ ಮಗುವಿನ ಹಾಗೆ ಆ ಚಕ್ರದ ಮೂತಿ ಒಳಗೆ ತಿರುಗಿದೆ, ಕೆಳಗಿನ ಕಡ್ಡಿ ತಿರುಗಿಸಿದರೆ ಸರಿಹೋಗುತ್ತದೆ ಎಂದು ಶೃತಿ ಅತ್ತೆಗೆ ತೋರಿಸಿದಳು. ಆಮೇಲೆ ಸ್ಪ್ಯಾನರು ಕೈಗೆ ತೆಗೆದುಕೊಂಡವಳು ಏನೋ ಯೋಚಿಸಿ ನಿಂತಳು.

"ಅತ್ತೆ, ಒಂದು ಸಹಾಯ ಮಾಡ್ತೀರಾ? ಡ್ರೈವರ್ ಸೀಟಲ್ಲಿ ಕೂತು ಸ್ಟೇರಿಂಗ್ ನೆಟ್ಟಗೆ ಹಿಡ್ಕೋಬೇಕು. ಒಂಚೂರೂ ಅಲ್ಲಾಡ್ಬಾರ್ದು."

"ನಾನಾ?"

"ಹ್ಞೂಂ. ನೀವೇ."

ಮರಿಯಮ್ಮ ಚಪ್ಪಲಿ ಹೊರಗೆ ಬಿಟ್ಟು ಕಾರು ಹತ್ತಿದಳು. ಇಷ್ಟು ವರ್ಷ ಕಾರಿನಲ್ಲಿ ಹಿಂದೆ ಕೂತಿದ್ದಳು, ಒಂದೆರಡು ಸಲ ಎಡಗಡೆ ಕೂತಿದ್ದಳು. ಬಲಗಡೆ ಕೂತದ್ದು ಇದೇ ಮೊದಲು. ತುಂಬಿದ ಬಿಂದಿಗೆ ಹಿಡಿದಂತೆ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಉಸಿರು ಕಟ್ಟಿ, ಎದುರಿನ ಪರದೆಯನ್ನೇ ನೋಡುತ್ತಾ ಕೂತಳು. ಕಾಲ ಕೆಳಗೆಲ್ಲೋ ಸೊಸೆಯ ಸ್ಪ್ಯಾನರಿನ ಸದ್ದು. ಕಾರಿನ ಕೆಳಗೆ ನುಗ್ಗಿದ್ದಾಳೆ ನಮ್ಮನೆ ಸೊಸೆ ಎಂದು ನೆನೆದಾಗ ಅವಳಿಗೆ ವಿಪರೀತ ಹೆಮ್ಮೆಯಾಯಿತು.

"ಈಗೆಷ್ಟಿದೆ ಅತ್ತೆ?"

"ಕೆಂಪು. ಇನ್ನೂ ಕೆಂಪು... ತಿರುಗ್ಸು... ಇನ್ನೊಂಚೂರು... ಶೃತಿ, ಹಸ್ರು! ಹಸ್ರಾಯ್ತು ಕಣೇ!"

ಪಕ್ಕದ ಶೆಡ್ಡಿನವರೂ ಇಣುಕಿ ನೋಡುವ ಹಾಗೆ ಕೂಗಿದ್ದಳು. ಅನಂತಕೃಷ್ಣರು ಸತ್ಯಮಂಗಲದ ನೇರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಕಾರು ಗೆರೆ ಎಳೆದ ಹಾಗೆ ಹೋಗುತ್ತಿದೆ ಎಂದರು. ಬೋಣಿಯ ದುಡ್ಡನ್ನು ಮರಿಯಮ್ಮನ ಕೈಗೇ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೊಸೆಯ ಕೈಗಿಟ್ಟಳು.

ಸಂಜೆಯ ಗುಬ್ಬಿ ಬಸ್ಸಿನ ಹೊತ್ತಾಗಿತ್ತು. ಮರಿಯಮ್ಮ ಖಾಲಿ ಚೀಲ ಮಡಚುತ್ತಿದ್ದಾಗ ಇನ್ನೊಂದು ಕಾರು ಅಂಗಳಕ್ಕೆ ಬಂತು. ಅಂಜನ್ ಅದನ್ನು ರ‍್ಯಾಂಪಿಗೆ ಹತ್ತಿಸಿ, ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಒಂದು ಕಬ್ಬಿಣದ ಸಲಕರಣೆ ಇಳಿಸಿಕೊಂಡ. ಅದರ ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿರಲಿಲ್ಲ.

"ನೀನು ಹೊರಡಮ್ಮ, ಬಸ್ಸು ತಪ್ಪಿಹೋಗುತ್ತೆ. ಸ್ಟೇರಿಂಗ್ ಹಿಡ್ಕೊಳಕ್ಕೆ ಈ ಸ್ಟ್ಯಾಂಡ್ ಇದೆ. ಮಿಷಿನ್ ಜೊತೇಲೇ ಬಂದಿದ್ದು."

ಮರಿಯಮ್ಮ ಸ್ಟ್ಯಾಂಡನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು. ಶೃತಿ ತಲೆ ತಗ್ಗಿಸಿ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಮರಿಯಮ್ಮ ಮಗನ ಕೈಯಿಂದ ಅದನ್ನು ತೆಗೆದುಕೊಂಡು ಹೋಗಿ ಅದರ ಮೊಳೆಗೇ ನೇತುಹಾಕಿದಳು. ಚೀಲವನ್ನು ಕುರ್ಚಿಯ ಮೇಲಿಟ್ಟು, ಚಪ್ಪಲಿ ಕಳಚಿ ಕಾರು ಹತ್ತಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕೂತಳು.

"ಹ್ಞೂಂ, ಹಿಡ್ಕಂಡಿದೀನಿ," ಎಂದಳು. "ನೀನ್ ಕೆಳಕ್ಕೆ ಹೋಗು."